ಹೂಜಿ ಯಾರದು?

ಪೆರುವಿನ ಉತ್ತರ ಕರಾವಳಿಯ ಒಂದು ಬಗೆಯ ಕಪ್ಪು ಹೂಜಿ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. ಚೂಪು ತಳ, ಉಬ್ಬಿದ ಹೊಟ್ಟೆ, ನೀಳ ಕತ್ತು, ಅರಳಿದ ಬಾಯಿ, ಎರಡು ಬದಿಗೂ ಹಿಡಿ. ಆಕಾರ ಇಂಕಾಗಳದು; ಹೆಸರು ಉರ್ಪು. ಹಿಡಿಗಳಿಗೆ ಹಗ್ಗ ತೂರಿಸಿ, ಬೆನ್ನಿಗೆ ಕಟ್ಟಿ, ಮೆಕ್ಕೆಜೋಳದ ಮದ್ಯವಾದ ಚಿಚಾವನ್ನು ಒಯ್ಯುತ್ತಿದ್ದರು. ಆದರೆ ಕುಸ್ಕೋದ ಉರ್ಪುವಿನ ಮೇಲೆ ಬಣ್ಣದ ಜ್ಯಾಮಿತಿ ಚಿತ್ತಾರವಿರುತ್ತದೆ. ಇದು ಕಡುಗಪ್ಪು. ಆ ಕಪ್ಪು ಚಿಮೂ ಕುಂಬಾರರದು: ಸುಡುವಾಗ ಗಾಳಿಯನ್ನು ತಡೆದು, ಮಣ್ಣಿಗೆ ಹೊಗೆ ಕುಡಿಸಿ ಪಡೆದದ್ದು.

1470ರ ಸುಮಾರಿಗೆ ಇಂಕಾಗಳು ಚಿಮೂ ರಾಜ್ಯವನ್ನು ಗೆದ್ದರು. ರಾಜಧಾನಿ ಚಾನ್ ಚಾನ್‌ನಿಂದ ಕುಶಲಕರ್ಮಿಗಳನ್ನು ಕುಸ್ಕೋಗೆ ಒಯ್ದರು. ಕರಾವಳಿಯಲ್ಲೇ ಉಳಿದ ಕುಂಬಾರರ ಕೈಯಲ್ಲಿ ಗೆದ್ದವರ ಆಕಾರ, ಸೋತವರ ಬಣ್ಣ ಒಂದಾದವು.

ಇದನ್ನು ನಾವು ಸಲೀಸಾಗಿ ‘ಸಂಗಮ’ ಎಂದುಬಿಡುತ್ತೇವೆ. ಸಂಗಮಕ್ಕೆ ನದಿಗಳು ತಾವಾಗಿಯೇ ಹರಿದು ಬರುತ್ತವೆ. ಈ ಕುಂಬಾರನಿಗೆ ‘ಒಲ್ಲೆ’ ಎನ್ನುವ ಅವಕಾಶವಿತ್ತೇ? ದುಡಿಯಲು ಬಂದವರಿಗೆ ಚಿಚಾ ಕುಡಿಸುವುದು ಇಂಕಾ ಆಳ್ವಿಕೆಯ ರೀತಿ. ಹಾಗಾಗಿ ಉರ್ಪು ಬರೀ ಪಾತ್ರೆಯಲ್ಲ, ಅಧಿಕಾರದ ಆತಿಥ್ಯ.

ಹಾಗೆಂದು ಇದು ಬರೀ ದಾಸ್ಯದ ಗುರುತು ಎಂದರೆ ಕುಂಬಾರನಿಂದ ಮತ್ತೊಂದನ್ನು ಕಸಿದಂತಾಗುತ್ತದೆ. ಅಪ್ಪಣೆ ಆಕಾರವನ್ನು ಹೇಳಬಲ್ಲದು. ಕೈಯ ಹದವನ್ನು ಹೇಳಲಾರದು. ಆ ಕಪ್ಪು ಪ್ರತಿಭಟನೆಯಾಗಿರಬೇಕೆಂದೇನೂ ಇಲ್ಲ, ಬರೀ ರೂಢಿಯೂ ಇರಬಹುದು. ರೂಢಿಗೂ ಒಂದು ಘನತೆಯಿದೆ.

ನನ್ನನ್ನು ಇನ್ನೂ ಕಷ್ಟಕ್ಕೆ ಸಿಕ್ಕಿಸುವುದು ಕಾಲ. 1532ರಲ್ಲಿ ಸ್ಪೇನಿನವರು ಬರುವಷ್ಟರಲ್ಲಿ ಸುಮಾರು ಅರವತ್ತು ವರ್ಷ ಕಳೆದಿತ್ತು. ಮೊದಲ ಉರ್ಪು ಮಾಡಿದವನ ಮೊಮ್ಮಗ ಆ ಆಕಾರವನ್ನು ಕಲಿತದ್ದು ಅಪ್ಪಣೆಯಿಂದಲ್ಲ, ಮನೆಯವರ ಕೈ ನೋಡಿ. ಅವನಿಗೆ ಅದು ಹೊರಗಿನದೇ? ಅಲ್ಲ. ಅದು ಅವನ ಮನೆಯ ವಿದ್ಯೆ. ಅದನ್ನು ಬಿಡು ಎನ್ನಲು ನಾವು ಯಾರು?

ಆದರೆ ಮೊಮ್ಮಗನ ಪ್ರೀತಿಯನ್ನು ತೋರಿಸಿ ಅಜ್ಜನ ಬಲವಂತವನ್ನು ಮನ್ನಾ ಮಾಡಲೂ ಬರುವುದಿಲ್ಲ. ಆ ಸಾಲ ಕೊಟ್ಟವನು ಅವನಲ್ಲ, ತೀರಿಸಿಕೊಂಡೆ ಎನ್ನಲು.

ಆದ್ದರಿಂದ ಬೆರೆತ ಕಲೆಯೆದುರು ನಿಂತಾಗ ನಾನು ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿಕೊಳ್ಳುತ್ತೇನೆ: ಇದು ಚೆಲುವಾಗಿದೆಯೇ? ಮಾಡಿದವರಿಗೆ ಬೇಡವೆನ್ನುವ ಸ್ವಾತಂತ್ರ್ಯವಿತ್ತೇ? ಒಂದರ ಉತ್ತರವನ್ನು ಇನ್ನೊಂದಕ್ಕೆ ಬಳಸುವುದಿಲ್ಲ. ಚೆಲುವು ಗೆಲುವನ್ನು ಸಮರ್ಥಿಸುವುದಿಲ್ಲ. ಸೋಲು ಚೆಲುವನ್ನು ಅಳಿಸುವುದೂ ಇಲ್ಲ.