ಸಾಧನವೂ ಪ್ರಯೋಜನವೂ

ಶಾಸ್ತ್ರಗ್ರಂಥವನ್ನು ಆರಂಭಿಸುವವನು ಮೊದಲು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ಅನುಬಂಧಚತುಷ್ಟಯವನ್ನು ತಿಳಿಸಬೇಕೆಂಬುದು ಪ್ರಾಚೀನರ ಕಟ್ಟಳೆ. ಮನೆಗೆ ತರುವ ಯಂತ್ರಕ್ಕೂ ಈ ಕಟ್ಟಳೆ ಸಲ್ಲತಕ್ಕದ್ದೇ. ಡಿಜಿಟಲ್ ಕ್ಯಾಮೆರಾವನ್ನು ಕೊಳ್ಳಹೊರಟವನು ಅಂಗಡಿಯಲ್ಲಿ "ಯಾವುದು ಉತ್ತಮ?" ಎಂದು ಕೇಳುವನು. ಯಾರಿಗೆ ಉತ್ತಮ, ಯಾವುದಕ್ಕೆ ಉತ್ತಮ ಎಂಬ ವಿಚಾರ ಹುಟ್ಟದಿದ್ದರೆ ಆಯ್ಕೆಯು ಕೊಳ್ಳುವವನ ಕೈತಪ್ಪಿ ಮಾರುವವನ ಪಾಲಾಗುತ್ತದೆ.

1975ರಲ್ಲಿ ಅಮೆರಿಕದ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಎಂಬ ಎಂಜಿನಿಯರು ರಚಿಸಿದ ಡಿಜಿಟಲ್ ಕ್ಯಾಮೆರಾ, ಹತ್ತು ಸಾವಿರ ಬಿಂದುಗಳ ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಇಂದು ಕೋಟಿಗಟ್ಟಲೆ ಬಿಂದುಗಳು ಕ್ಷಣಮಾತ್ರದಲ್ಲಿ ಮೂಡುತ್ತವೆ. ಆದರೆ ಆಲ್ಬಮ್ಮಿಗೆ ಅಂಟಿಸುವ 4 ಅಂಗುಲ ಅಗಲ, 6 ಅಂಗುಲ ಉದ್ದದ ಪಟವನ್ನು ಅಂಗುಲಕ್ಕೆ 300 ಬಿಂದುಗಳಂತೆ ಸ್ಫುಟವಾಗಿ ಮುದ್ರಿಸಲು 21,60,000 ಬಿಂದುಗಳು ಸಾಕು. ಮಿಕ್ಕವು ಪಟವನ್ನು ಬಹಳ ಹಿಗ್ಗಿಸುವವನಿಗೆ, ಇಲ್ಲವೆ ಅದರ ಒಂದಂಶವನ್ನೇ ಕತ್ತರಿಸಿಕೊಳ್ಳುವವನಿಗೆ ಉಪಯುಕ್ತ.

ವಿಷಯಭೇದದಿಂದ ಸಾಧನಭೇದ. ರಂಗನತಿಟ್ಟಿನ ನಡುಗಡ್ಡೆಯ ಮರದಲ್ಲಿ ಕುಳಿತ ಬಣ್ಣದ ಕೊಕ್ಕರೆಯನ್ನು ಹಿಡಿಯಬೇಕೆನ್ನುವವನಿಗೆ ದೂರವನ್ನು ಸಮೀಪಕ್ಕೆ ತರುವ ಮಸೂರ ಬೇಕು. ಹಳೆಬೀಡಿನ ನವರಂಗದ ಮಬ್ಬಿನಲ್ಲಿ ತಿರುಗಣೆಯ ಕಂಬಗಳ ನುಣುಪನ್ನು ಕಾಣಿಸಬೇಕೆನ್ನುವವನಿಗೆ ಅಗಲವಾದ ಕಿಂಡಿಯ ಮಸೂರವೂ, ಬೆಳಕನ್ನು ಹೆಚ್ಚಾಗಿ ಗ್ರಹಿಸುವ ವಿಶಾಲವಾದ ಸಂವೇದಕವೂ ಬೇಕು. 36 ಮಿಲಿಮೀಟರು ಉದ್ದ, 24 ಮಿಲಿಮೀಟರು ಅಗಲದ ಪೂರ್ಣ ಚೌಕಟ್ಟಿನ ಸಂವೇದಕವು ಅನೇಕ ಕಿಸೆಯ ಕ್ಯಾಮೆರಾಗಳ ಸಂವೇದಕಕ್ಕಿಂತ ಸುಮಾರು 30 ಪಟ್ಟು ವಿಸ್ತಾರವಾದುದು. ಅದಕ್ಕೊಪ್ಪುವ ಮಸೂರಗಳ ಭಾರವೂ ಬೆಲೆಯೂ ಹೆಚ್ಚು. ಅಂಗಳದಲ್ಲಾಡುವ ಮಗುವಿನ ನಗುವೇ ವಿಷಯವಾದರೆ ಥಟ್ಟನೆ ಕೈಗೆ ಸಿಕ್ಕುವ ಹಗುರವಾದ ಯಂತ್ರವೇ ಶ್ರೇಷ್ಠ. ಹಲವರಿಗೆ ಮೊಬೈಲ್ ಫೋನೇ ಸಾಕಾದೀತು. ಪೆಟ್ಟಿಗೆ ತೆರೆದು ಮಸೂರ ಜೋಡಿಸುವಷ್ಟರಲ್ಲಿ ನಗು ಮುಗಿದಿರುತ್ತದೆ.

ಇಲ್ಲಿ ಒಂದು ಪೂರ್ವಪಕ್ಷವುಂಟು: ಆವಶ್ಯಕತೆಯು ಅಭ್ಯಾಸದೊಡನೆ ಬೆಳೆಯುವುದಾದ್ದರಿಂದ ಮೊದಲೇ ದೊಡ್ಡದನ್ನು ಕೊಳ್ಳುವುದು ವಿವೇಕವಲ್ಲವೆ? ಮಾತು ಯುಕ್ತವಾಗಿಯೇ ತೋರುತ್ತದೆ. ಆದರೆ ಅಭ್ಯಾಸದಿಂದ ಬೆಳೆದ ಆವಶ್ಯಕತೆಗೂ ಜಾಹೀರಾತಿನಿಂದ ಹುಟ್ಟಿದ ಆಶೆಗೂ ಲಕ್ಷಣ ಬೇರೆ. ಮೊದಲನೆಯದು, "ಇಂಥ ಚಿತ್ರಕ್ಕೆ ಯತ್ನಿಸಿದೆ, ಈ ಯಂತ್ರದಿಂದ ಆಗಲಿಲ್ಲ" ಎಂದು ಕೊರತೆಯನ್ನು ನಿರ್ದಿಷ್ಟವಾಗಿ ಹೇಳಬಲ್ಲದು. ಎರಡನೆಯದು ನೆರೆಯವನ ಯಂತ್ರದ ಬೆಲೆಯನ್ನು ಮಾತ್ರ ಹೇಳಬಲ್ಲದು. ಫ್ರಾನ್ಸಿನ ಪ್ರಸಿದ್ಧ ಛಾಯಾಗ್ರಾಹಕ ಆನ್ರಿ ಕಾರ್ತಿಯೆ-ಬ್ರೆಸ್ಸೊನನು ಹೆಚ್ಚಾಗಿ ಒಂದು ಸಣ್ಣ ಲೈಕಾ ಕ್ಯಾಮೆರಾವನ್ನೂ 50 ಮಿಲಿಮೀಟರಿನ ಮಸೂರವನ್ನೂ ನೆಚ್ಚಿ ಕೆಲಸ ಮಾಡಿದನು. ತನಗೆ ಬೇಕಾದುದೇನೆಂಬುದು ಅವನಿಗೆ ತಿಳಿದಿತ್ತು.

ಅತಿಯಾಶೆಯ ನಷ್ಟವು ಹಣದಲ್ಲಿಯೇ ಮುಗಿಯುವುದಿಲ್ಲ. ಮುಂದಿನ ವರ್ಷ ಇನ್ನೂ ಮೇಲಾದುದು ಬರುವುದೆಂದು ಕಾಯುವವನ ಮನೆಯಲ್ಲಿ ಅಜ್ಜಿಯ ವಯಸ್ಸು ಕಾಯುವುದಿಲ್ಲ. ಸಾವಿರಾರು ಚಿತ್ರಗಳನ್ನು ತೆಗೆದು ಒಂದನ್ನೂ ಮರಳಿ ನೋಡದವನಿಗೆ ಆ ಸಂಗ್ರಹವು ಬೀಗದ ಕೈ ಕಳೆದ ಕಣಜದಂತೆ. ಮುಂದೊಂದು ದಿನ ಮನೆಯವರು ಒಟ್ಟಾಗಿ ಕುಳಿತು ನೋಡುವಂತಹ ಕೆಲವು ಚಿತ್ರಗಳು ಉಳಿಯುವುದೇ ಗೃಹಸ್ಥನಿಗೆ ಈ ಯಂತ್ರದ ಪ್ರಯೋಜನ. ಅಷ್ಟನ್ನು ಮೊದಲು ಮನೆಯಲ್ಲಿ ನಿಶ್ಚಯಿಸಿಕೊಂಡವನಿಗೆ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಬಹಳ ಉಳಿಯುವುದಿಲ್ಲ.