ಬಾವುಟಗಳ ತಾರತಮ್ಯ

ರಾಷ್ಟ್ರೀಯ ಹಬ್ಬದ ದಿನ ತ್ರಿವರ್ಣ ಧ್ವಜದ ಜೊತೆಗೆ ಇನ್ನೊಂದು ಬಾವುಟ ಹಾರಬಹುದೆ? ಅದು ನಾಡಿನದಾಗಿರಬಹುದು, ದೇವರದಾಗಿರಬಹುದು, ಹೊರದೇಶದ್ದಾಗಿರಬಹುದು. ಕಾನೂನು ಇದಕ್ಕೆ ಕಂಬದ ಎತ್ತರ, ಎಡ-ಬಲಗಳ ಲೆಕ್ಕದಲ್ಲಿ ಉತ್ತರ ಹೇಳಿ ಸುಮ್ಮನಾಗುತ್ತದೆ. ಜಗಳ ಮಾತ್ರ ಅಲ್ಲಿಗೆ ಮುಗಿಯುವುದಿಲ್ಲ. ಮನುಷ್ಯನಿಗೆ ಒಂದೇ ನಿಷ್ಠೆ ಇರಬೇಕೆ, ಹಲವಿದ್ದರೆ ಅವು ಒಂದರೊಡನೊಂದು ಹೇಗೆ ಬಾಳಬೇಕು ಎಂಬ ಹಳೆಯ ಪ್ರಶ್ನೆ ಅದರ ಅಡಿಯಲ್ಲಿದೆ. ಕನ್ನಡ ನಾಡಿನ ಧರ್ಮಗಳು ಇದೇ ಪ್ರಶ್ನೆಯನ್ನು ದೇವರ ವಿಷಯದಲ್ಲಿ ಶತಮಾನಗಳಿಂದ ವಾದಿಸುತ್ತ ಬಂದಿವೆ. ಬಾವುಟದ ವಾದಗಳಲ್ಲಿ ಆ ಹಳೆಯ ನಿಲುವುಗಳೇ ಹೊಸ ಮಾತಿನಲ್ಲಿ ಮರಳಿ ಬರುತ್ತವೆ.

ದಕ್ಷಿಣ ಬೆಂಗಳೂರಿನ ವಸಂತಪುರದಂಥ ಕಡೆ ಈ ಬಾವುಟಗಳೆಲ್ಲ ಕೂಗಳತೆಯಲ್ಲೇ ಇರುತ್ತವೆ. ಆಗಸ್ಟ್ 15ಕ್ಕೆ ಶಾಲೆಗಳಲ್ಲಿ, ಅಪಾರ್ಟ್‌ಮೆಂಟುಗಳ ಅಂಗಳದಲ್ಲಿ ತ್ರಿವರ್ಣ. ನವೆಂಬರ್ ಹುಟ್ಟಿತೆಂದರೆ ಆಟೊ ನಿಲ್ದಾಣ, ವೃತ್ತ, ಅಂಗಡಿ ಸಾಲುಗಳಲ್ಲಿ ಹಳದಿ-ಕೆಂಪು. ಊರಿನ ಹಳೆಯ ಹೆಗ್ಗುರುತಾದ ವಸಂತವಲ್ಲಭರಾಯಸ್ವಾಮಿಯದು ವಿಷ್ಣುವಿನ ಗುಡಿ. ವೈಷ್ಣವ ಆಗಮಗಳ ಪ್ರಕಾರ ಬ್ರಹ್ಮೋತ್ಸವ ಆರಂಭವಾಗುವುದೇ ಧ್ವಜಾರೋಹಣದಿಂದ. ಬಟ್ಟೆಯ ಮೇಲೆ ಗರುಡನನ್ನು ಬರೆದು, ಪ್ರತಿಷ್ಠೆ ಮಾಡಿ, ಧ್ವಜಸ್ತಂಭಕ್ಕೆ ಏರಿಸುತ್ತಾರೆ. ಭೇರಿ ಬಾರಿಸಿ ದಿಕ್ಕು ದಿಕ್ಕಿನ ದೇವತೆಗಳನ್ನು ಉತ್ಸವಕ್ಕೆ ಕರೆಯುತ್ತಾರೆ. ಆ ಬಾವುಟ ಇಳಿಯುವ ತನಕ ಊರಿನಲ್ಲಿ ಮದುವೆ ಮೊದಲಾದ ಬೇರೆ ಶುಭಕಾರ್ಯ ಇಟ್ಟುಕೊಳ್ಳದ ವಾಡಿಕೆ ಹಲವೆಡೆ ಇದೆ.

ಈ ವಿಧಿಯಲ್ಲಿ ಎರಡು ಸಂಗತಿ ಗಮನಿಸತಕ್ಕವು. ಕಂಬದ ತುದಿಗೆ ಏರುವುದು ಒಡೆಯನ ಚಿತ್ರವಲ್ಲ, ಅವನನ್ನು ಹೊರುವ ಗರುಡನ ಚಿತ್ರ, ಶಿವಾಲಯಗಳಲ್ಲಾದರೆ ನಂದಿ. ಸೇವಕ ಮೇಲಕ್ಕೇರಿದನೆಂದು ಒಡೆಯನಿಗೆ ಕುಂದು ಬಂತೆಂದು ಯಾರೂ ತಿಳಿಯುವುದಿಲ್ಲ. ಎರಡನೆಯದಾಗಿ, ಒಬ್ಬ ದೇವರ ಬಾವುಟ ಏರಿದಾಗ ಉಳಿದ ದೇವತೆಗಳಿಗೆ ಬಾಗಿಲು ಮುಚ್ಚುವುದಿಲ್ಲ, ಅವರಿಗೆ ಆಹ್ವಾನ ಹೋಗುತ್ತದೆ. ಆದರೆ ಹೊತ್ತು ಮಾತ್ರ ಒಬ್ಬರದೇ.

ಹಲವು ನಿಷ್ಠೆಗಳ ಸಮಸ್ಯೆಗೆ ಈ ನಾಡಿನಲ್ಲಿ ಮೂರು ದೊಡ್ಡ ಉತ್ತರಗಳಿವೆ. ಹನ್ನೆರಡನೆಯ ಶತಮಾನದ ಶರಣರದು ಏಕನಿಷ್ಠೆ: ಅಂಗೈಯ ಇಷ್ಟಲಿಂಗವೊಂದೇ, ಅದನ್ನು ಬಿಟ್ಟು ಬೇರೆಡೆಗೆ ತಲೆಬಾಗುವುದು ನಿಷ್ಠೆಗೆ ದ್ರೋಹ. ಉಡುಪಿಯ ಮಧ್ವಾಚಾರ್ಯರದು ತಾರತಮ್ಯ: ಹರಿ ಸರ್ವೋತ್ತಮ, ಅವನ ಕೆಳಗೆ ದೇವತೆಗಳು ತಮ್ಮ ತಮ್ಮ ಮೆಟ್ಟಿಲಲ್ಲಿ, ಎಲ್ಲರಿಗೂ ಗೌರವ ಸಲ್ಲಬೇಕು, ಆದರೆ ಯಾರನ್ನೂ ಹರಿಗೆ ಸಮವೆಂದು ಎಣಿಸಬಾರದು. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರದು ಶರೀರ-ಶರೀರಿ ಭಾವ: ಜೀವ, ಜಗತ್ತುಗಳು ಭಗವಂತನ ದೇಹ, ದೇಹಕ್ಕೆ ಮಾಡಿದ ಸತ್ಕಾರ ಅದರೊಳಗಿನ ಆತ್ಮಕ್ಕೇ ಸಲ್ಲುತ್ತದೆ.

ದೇಶ ದೇವರಲ್ಲ, ಹೋಲಿಕೆಯನ್ನು ಬಹಳ ಎಳೆದರೆ ಹರಿಯುತ್ತದೆ. ಆದರೂ ಬಾವುಟದ ವಾದಿಗಳು ಈ ಮೂರರಲ್ಲಿ ಒಂದರ ನೆರಳಲ್ಲೇ ನಿಂತಿರುತ್ತಾರೆ. ಒಂದು ದೇಶಕ್ಕೆ ಒಂದೇ ಬಾವುಟ ಸಾಕು ಎನ್ನುವವರು ಏಕನಿಷ್ಠರು. ನಾಡಧ್ವಜ ಇರಲಿ, ಒಂದು ಮೆಟ್ಟಿಲು ಕೆಳಗಿರಲಿ ಎನ್ನುವವರು ತಾರತಮ್ಯವಾದಿಗಳು. ಕರ್ನಾಟಕವನ್ನು ಗೌರವಿಸಿದರೆ ಭಾರತವನ್ನೇ ಗೌರವಿಸಿದಂತೆ ಎನ್ನುವವರು ರಾಮಾನುಜರಿಗೆ ಹತ್ತಿರ. ಕುವೆಂಪು ಅವರ ಗೀತೆ ಕರ್ನಾಟಕವನ್ನು ಭಾರತ ಮಾತೆಯ ಮಗಳೆಂದು ಕಂಡಿದೆ. 2004ರಲ್ಲಿ ಅದನ್ನು ನಾಡಗೀತೆಯಾಗಿ ಸ್ವೀಕರಿಸಿದ ಸರ್ಕಾರ ಈ ಮೂರನೆಯ ನಿಲುವಿಗೆ ಅರಿತೋ ಅರಿಯದೆಯೋ ಮೊಹರು ಒತ್ತಿತು. ಹಾಡಿಗೆ ಸಿಕ್ಕ ಮೊಹರು ಬಾವುಟಕ್ಕೆ ಸಿಗಲಿಲ್ಲ.

ಎರಡು ಬಾವುಟಗಳ ಪ್ರಶ್ನೆ ಇಲ್ಲಿ ಮೊದಲು ತೀವ್ರವಾದದ್ದು 1938ರಲ್ಲಿ, ಅದೂ ತಿರುಗುಮುರುಗಾಗಿ. ಆಗ ಗಂಡಭೇರುಂಡ ಲಾಂಛನದ ಮೈಸೂರು ಸಂಸ್ಥಾನದ್ದೇ ಅಧಿಕೃತ ಧ್ವಜ, ತ್ರಿವರ್ಣ ನಿಷಿದ್ಧ. ಏಪ್ರಿಲ್ ತಿಂಗಳಲ್ಲಿ ಮದ್ದೂರು ಬಳಿಯ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ ಅಧಿವೇಶನ ನಡೆದು, ನಿಷೇಧ ಮುರಿದು ತ್ರಿವರ್ಣ ಏರಿಸಲಾಯಿತು, ನಾಯಕರ ಬಂಧನವಾಯಿತು. ಅದೇ ಏಪ್ರಿಲ್ 25ರಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ವಿದುರಾಶ್ವತ್ಥ ನಾಗರಕಲ್ಲುಗಳ ಯಾತ್ರಾಸ್ಥಳ. ಹರಕೆ ಹೊತ್ತು ಬರುವ ನೆಲದಲ್ಲೇ ಬಾವುಟಕ್ಕಾಗಿ ಜೀವ ಹೋದವು. ಸರ್ದಾರ್ ಪಟೇಲರು ಬೆಂಗಳೂರಿಗೆ ಬಂದು ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತನಾಡಿದ ಮೇಲೆ ಒಪ್ಪಂದವಾಯಿತು. ಸಮಾರಂಭಗಳಲ್ಲಿ ಸಂಸ್ಥಾನದ ಧ್ವಜ, ತ್ರಿವರ್ಣ ಎರಡೂ ಜೊತೆಯಾಗಿ ಹಾರಬಹುದೆಂಬುದು ಅದರ ತಿರುಳು. ದೇಶದ ಏಕತೆಯ ಪ್ರತೀಕವೆಂದು ಇಂದು ಹೆಸರಾದ ಪಟೇಲರೇ ಎರಡು ಬಾವುಟಗಳ ಜೋಡಿಗೆ ಒಪ್ಪಿದ್ದರು ಎಂಬುದನ್ನು ಈಗಿನ ವಾದಗಳಲ್ಲಿ ಯಾರೂ ನೆನೆಯುವುದಿಲ್ಲ.

ಹಳದಿ-ಕೆಂಪಿನ ಕನ್ನಡ ಬಾವುಟ ಹುಟ್ಟಿದ್ದು 1960ರ ದಶಕದ ನಡುವೆ, ಬೆಂಗಳೂರಿನ ಕನ್ನಡ ಚಳವಳಿಯ ಮುಂದಾಳು ಮ. ರಾಮಮೂರ್ತಿಯವರ ಕೈಯಲ್ಲಿ. ಅವರು 1967ರಲ್ಲಿ ತೀರಿಕೊಂಡರು. ಬಾವುಟ ಅವರು ಕಟ್ಟಿದ ಕನ್ನಡ ಪಕ್ಷದಿಂದಾಚೆಗೆ ಹೋಗಿ ಎಲ್ಲರದಾಯಿತು. ಅದರ ಬಣ್ಣಗಳು ಅರಿಶಿನ, ಕುಂಕುಮದವು ಎಂಬುದು ಜನಜನಿತ ವಿವರಣೆ. ಹಾಗಾದರೆ ಅದು ಒಂದು ಧರ್ಮದ ಗುರುತಾಗಲಿಲ್ಲವೆ ಎಂಬ ಸಂಶಯ ಸಹಜ. ಹುಟ್ಟಿನಿಂದ ಅಳೆದರೆ ಸಂಶಯಕ್ಕೆ ಆಧಾರವಿದೆ, ಬಳಕೆಯಿಂದ ಅಳೆದರೆ ಇಲ್ಲ: ರಾಜ್ಯೋತ್ಸವದ ಮೆರವಣಿಗೆಯಲ್ಲಿ ಅದನ್ನು ಹಿಡಿಯುವ ಎಲ್ಲ ಧರ್ಮದವರಿಗೂ ಅದು ಭಾಷೆಯ ಬಾವುಟ. ತ್ರಿವರ್ಣವೂ ಇದೇ ದಾರಿ ನಡೆದಿದೆ. 1921ರಲ್ಲಿ ಪಿಂಗಳಿ ವೆಂಕಯ್ಯನವರು ಗಾಂಧೀಜಿಗೆ ತೋರಿಸಿದ ಮೊದಲ ರೂಪದಲ್ಲಿ ಬಣ್ಣಗಳಿಗೆ ಮತಗಳ ಅರ್ಥವಿತ್ತು. 1931ರಲ್ಲಿ ಕಾಂಗ್ರೆಸ್ ಆ ಅರ್ಥವನ್ನು ತೆಗೆದುಹಾಕಿತು. 1947ರ ಜುಲೈ 22ರಂದು ಸಂವಿಧಾನ ಸಭೆ ಧ್ವಜವನ್ನು ಅಂಗೀಕರಿಸಿದಾಗ, ಹಿಂದೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದ್ದ ರಾಧಾಕೃಷ್ಣನ್ ಅವರು ಕೇಸರಿಗೆ ತ್ಯಾಗ, ಬಿಳಿಗೆ ಸತ್ಯದ ಬೆಳಕು, ಹಸಿರಿಗೆ ಮಣ್ಣಿನ ನಂಟು, ಚಕ್ರಕ್ಕೆ ಧರ್ಮ ಎಂದು ಅರ್ಥ ಹೇಳಿದರು.

ನಾಡಿನ ಬಾವುಟಕ್ಕೆ ಸರ್ಕಾರಿ ಸ್ಥಾನ ಕೊಡುವ ಯತ್ನಗಳು ಎರಡು ಬಾರಿ ನಿಂತುಹೋದವು. ರಾಜ್ಯೋತ್ಸವದಂದು ಸರ್ಕಾರಿ ಕಟ್ಟಡಗಳ ಮೇಲೆ ಕನ್ನಡ ಬಾವುಟ ಹಾರಲೇಬೇಕೆಂದು 2012ರಲ್ಲಿ ಡಿ.ವಿ. ಸದಾನಂದಗೌಡರ ಸರ್ಕಾರ ಹೇಳಿತು. ವಿಷಯ ಹೈಕೋರ್ಟಿಗೆ ಹೋಗಿ ಆದೇಶ ಹಿಂದಕ್ಕೆ ಬಂತು. ಸಿದ್ದರಾಮಯ್ಯನವರ ಸರ್ಕಾರ 2017ರಲ್ಲಿ ಒಂಬತ್ತು ಮಂದಿಯ ಸಮಿತಿ ನೇಮಿಸಿ, 2018ರ ಮಾರ್ಚ್ 8ರಂದು ಹೊಸ ನಾಡಧ್ವಜವನ್ನು ಪ್ರಕಟಿಸಿತು: ಹಳದಿ, ಬಿಳಿ, ಕೆಂಪು, ನಡುವೆ ಗಂಡಭೇರುಂಡವಿರುವ ರಾಜ್ಯ ಲಾಂಛನ. ಕೇಂದ್ರದ ಒಪ್ಪಿಗೆ ಅದಕ್ಕೆ ದೊರೆಯಲಿಲ್ಲ. ಚುನಾವಣೆಯ ಹೊಸ್ತಿಲಲ್ಲಿ ಬಂದ ಬಾವುಟವೆಂಬ ಟೀಕೆಯಲ್ಲಿ ಹುರುಳಿತ್ತು. ಜನರಿಗೂ ಅದು ಅಷ್ಟಾಗಿ ಹಿಡಿಸಲಿಲ್ಲ. ಬಿಳಿಯ ಪಟ್ಟಿಯಿಲ್ಲದ ಹಳೆಯದೇ ಇಂದಿಗೂ ಬೀದಿಯಲ್ಲಿದೆ. ರಾಜ್ಯವೊಂದಕ್ಕೆ ತನ್ನದೇ ಧ್ವಜ ಅಧಿಕೃತವಾಗಿ ಇದ್ದದ್ದು ಜಮ್ಮು-ಕಾಶ್ಮೀರದಲ್ಲಿ ಮಾತ್ರ, 1952ರಿಂದ 2019ರವರೆಗೆ.

ಇನ್ನು ಕಾನೂನು. 2002ರ ಭಾರತೀಯ ಧ್ವಜ ಸಂಹಿತೆ ಓದಿದರೆ ಮಧ್ವಮತದ ಕೈಪಿಡಿ ಓದಿದಂತಾಗುತ್ತದೆ. ರಾಷ್ಟ್ರಧ್ವಜಕ್ಕಿಂತ ಎತ್ತರದಲ್ಲಿ ಮತ್ತೊಂದು ಬಾವುಟ ಇರಕೂಡದು, ಒಂದೇ ಕಂಬದಲ್ಲಿ ಎರಡು ಬಾವುಟ ಕಟ್ಟಕೂಡದು, ಸಂಹಿತೆ ಹೇಳಿದ ಸಂದರ್ಭಗಳ ಹೊರತು ಪಕ್ಕದಲ್ಲಿ ಸರಿಸಮವಾಗಿ ನಿಲ್ಲಿಸಕೂಡದು. ಬೇರೆ ಬಾವುಟ ಇರಲೇಬಾರದೆಂದು ಅದು ಎಲ್ಲಿಯೂ ಹೇಳಿಲ್ಲ. ಆಗಸ್ಟ್ 15ರಂದು ತನ್ನ ಮನೆಯ ಮೇಲೆ ತ್ರಿವರ್ಣ ಏರಿಸಿ, ಬೇರೆ ಕಂಬದಲ್ಲಿ ಅದಕ್ಕಿಂತ ತಗ್ಗಿನಲ್ಲಿ ಕನ್ನಡ ಬಾವುಟ ಕಟ್ಟಿದವನು ಅಪರಾಧಿಯಲ್ಲ. ರಾಷ್ಟ್ರಧ್ವಜವನ್ನು ಗೌರವದಿಂದ ಹಾರಿಸುವುದು ಪ್ರಜೆಯ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದು ಸುಪ್ರೀಂ ಕೋರ್ಟ್ 2004ರ ಜನವರಿಯಲ್ಲಿ ನವೀನ್ ಜಿಂದಾಲ್ ಪ್ರಕರಣದಲ್ಲಿ ಹೇಳಿದ ಮೇಲೆ ಧ್ವಜ ಸರ್ಕಾರದ ಕೈಯಿಂದ ಮನೆ ಮನೆಗೆ ಬಂತು.

ಹೊರದೇಶದ ಬಾವುಟದ ವಿಷಯದಲ್ಲಿ ಸಂಹಿತೆಯ ದನಿಯೇ ಬೇರೆ. ಅಲ್ಲಿ ಮೇಲು-ಕೀಳು ಇಲ್ಲ. ದೇಶಗಳ ಧ್ವಜಗಳು ಒಂದೇ ಅಳತೆಯಲ್ಲಿ, ಒಂದೇ ಸಾಲಿನಲ್ಲಿರಬೇಕು; ಭಾರತದ್ದು ಸಾಲಿನ ಬಲತುದಿಯಲ್ಲಿ, ಉಳಿದವು ಇಂಗ್ಲಿಷ್ ಅಕ್ಷರಾನುಕ್ರಮದಲ್ಲಿ. ಶಾಂತಿಕಾಲದಲ್ಲಿ ಒಂದು ದೇಶದ ಧ್ವಜದ ಮೇಲೆ ಇನ್ನೊಂದು ದೇಶದ್ದನ್ನು ಹಾರಿಸುವುದನ್ನು ಅಂತರರಾಷ್ಟ್ರೀಯ ರೂಢಿ ಒಪ್ಪುವುದಿಲ್ಲ. ವಿಚಿತ್ರವೆಂದರೆ, ಹೊರಗಿನವರಿಗೆ ಸಮಾನ ಪೀಠ, ಮನೆಯ ಮಗಳಿಗೆ ಕೆಳಗಿನ ಮಣೆ. ಇದರಲ್ಲಿ ಅವಮಾನ ಕಾಣಬೇಕಾಗಿಲ್ಲ. ಅತಿಥಿಯೊಡನೆ ನಿಷ್ಠೆಯ ಹಂಚಿಕೆಯ ಪ್ರಶ್ನೆಯೇ ಏಳದು. ಒಳಗಿನವರ ನಡುವೆಯೇ ಮೆಟ್ಟಿಲುಗಳು ಬೇಕಾಗುವುದು.

ಈ ಎರಡು ವರ್ಗಕ್ಕೂ ಸೇರದ ಬಾವುಟ ಬೈಲಕುಪ್ಪೆಯಲ್ಲಿದೆ. 1960ರ ಸುಮಾರಿಗೆ ಅಲ್ಲಿ ನೆಲೆ ಪಡೆದ ಟಿಬೆಟನ್ನರು ಮಾರ್ಚ್ 10ರಂದು ತಮ್ಮ 1959ರ ಬಂಡಾಯವನ್ನು ನೆನೆಯುವಾಗ ಹಿಮಸಿಂಹಗಳ ಬಾವುಟ ಹಿಡಿಯುತ್ತಾರೆ. ಸಿಂಹಗಳು ಎತ್ತಿಹಿಡಿದ ರತ್ನಗಳು ಬುದ್ಧ, ಧರ್ಮ, ಸಂಘಗಳ ಸಂಕೇತ. ರಾಷ್ಟ್ರವೆಂದು ಭಾರತ ಮನ್ನಿಸದ ನೆಲವೊಂದರ ಗುರುತು ಅದು, ಜೊತೆಗೆ ಶರಣಾಗತಿಯ ಮಂತ್ರವೂ ಹೌದು. ಅಂಥವರ ನಿಷ್ಠೆಯನ್ನು ಯಾವ ಮೆಟ್ಟಿಲಲ್ಲಿ ಇಡಬೇಕೆಂದು ಸಂಹಿತೆಯಲ್ಲಿ ಹುಡುಕಿ ಪ್ರಯೋಜನವಿಲ್ಲ.

ದೇವರ ಬಾವುಟ ಸಾರ್ವಜನಿಕ ಕಂಬಕ್ಕೆ ಬಂದಾಗ ತಾರತಮ್ಯದ ಸೂತ್ರ ಸೋಲುತ್ತದೆ. ಮಂಡ್ಯ ಜಿಲ್ಲೆಯ ಕೆರಗೋಡಿನಲ್ಲಿ 2024ರ ಜನವರಿಯಲ್ಲಿ 108 ಅಡಿಯ ಕಂಬಕ್ಕೆ ಹನುಮ ಧ್ವಜ ಏರಿತು. ಅನುಮತಿ ಇದ್ದದ್ದು ರಾಷ್ಟ್ರಧ್ವಜ, ಕನ್ನಡ ಧ್ವಜಗಳಿಗೆ ಮಾತ್ರ ಎಂದು ಸರ್ಕಾರ ಹೇಳಿತು. 28ರಂದು ಅಧಿಕಾರಿಗಳು ಹನುಮ ಧ್ವಜ ಇಳಿಸಿ ತ್ರಿವರ್ಣ ಹಾರಿಸಿದರು, ಪ್ರತಿಭಟನೆಗಳಾದವು. ಭಕ್ತನ ಮನಸ್ಸಿನಲ್ಲಿ ಹನುಮನಿಗೆ ದೇಶಕ್ಕಿಂತ ಕೆಳಗಿನ ಮೆಟ್ಟಿಲು ಇರಲಾರದು. ಕಾನೂನಿನಲ್ಲಿ ದೇಶಕ್ಕಿಂತ ಮೇಲಿನ ಮೆಟ್ಟಿಲಿಲ್ಲ. ಹೀಗಾಗಿ ಅಲ್ಲಿ ಉಳಿದದ್ದು ಕಂಬ ಯಾರದು, ನೆಲ ಯಾರದು ಎಂಬ ಪ್ರಶ್ನೆ. ಅದನ್ನು ಪಂಚಾಯಿತಿಯ ಕಡತಗಳೇ ಬಿಡಿಸಬೇಕು, ದರ್ಶನಗಳಲ್ಲ. ಗುಡಿಯ ಅಂಗಳದ ಗರುಡಧ್ವಜಕ್ಕೆ ಈ ತೊಡಕು ಬಾರದು, ಅಲ್ಲಿನ ನೆಲವೂ ಹೊತ್ತೂ ಆ ದೇವರದೇ. ಹುಬ್ಬಳ್ಳಿಯ ಈದ್ಗಾ ಮೈದಾನದಲ್ಲಿ ತೊಡಕು ಇನ್ನೊಂದು ಬಗೆಯದಾಗಿತ್ತು: ಅಲ್ಲಿ ರಾಷ್ಟ್ರಧ್ವಜ ಏರಿಸುವುದೇ ಪಂಥವಾಗಿ, 1994ರ ಆಗಸ್ಟ್ 15ರಂದು ಗೋಲಿಬಾರಿನಲ್ಲಿ ಸಾವುಗಳಾದವು. ಮುಂದಿನ ಜನವರಿ 26ರಂದು ಅಲ್ಲಿನ ಮುಸ್ಲಿಮರ ಅಂಜುಮನ್ ಸಂಸ್ಥೆಯವರೇ ಧ್ವಜ ಏರಿಸಿದರು. ಎರಡು ದಿನವೂ ಬಟ್ಟೆ ಒಂದೇ. ಏರಿಸುವವರ ಉದ್ದೇಶ ಬೇರೆ.

ಏಕನಿಷ್ಠೆಯ ಕೊನೆಯ ಮಾತು ಯಾವ ಬಾವುಟಕ್ಕೂ ತಲೆಬಾಗದವರದು. ಬಾವುಟ ಒಂದು ಬಗೆಯ ವಿಗ್ರಹಾರಾಧನೆಯೇ ಸರಿ, ಆದರೆ ಅದನ್ನು ಕೆಡವುವುದು ಪಾಪ ಎಂಬ ಅರ್ಥದಲ್ಲಿ ಗಾಂಧೀಜಿ 1921ರಲ್ಲಿ ಬರೆದಿದ್ದರು. ವಿಗ್ರಹವನ್ನೇ ಒಪ್ಪದ ಧರ್ಮದವರು ಏನು ಮಾಡಬೇಕು? ಅಮೆರಿಕದಲ್ಲಿ ಯೆಹೋವನ ಸಾಕ್ಷಿಗಳ ಪಂಥದ ಮಕ್ಕಳು ಧ್ವಜವಂದನೆ ಮಾಡಲೇಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟ್ 1940ರಲ್ಲಿ ಹೇಳಿ, ಮೂರೇ ವರ್ಷದಲ್ಲಿ ಆ ತೀರ್ಪನ್ನು ತಾನೇ ಅಳಿಸಿತು. ಕೇರಳದಲ್ಲಿ ಅದೇ ಪಂಥದ ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ; ಶಾಲೆ ಹೊರಹಾಕಿತು. 1986ರಲ್ಲಿ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರ ಪೀಠ ಅವರನ್ನು ಮರಳಿ ಸೇರಿಸಿಕೊಳ್ಳಲು ಹೇಳಿತು: ಎದ್ದು ನಿಂತರೆ ಗೌರವ ಸಂದಿತು, ಹಾಡಲೇಬೇಕೆಂಬ ಕಾನೂನು ಇಲ್ಲ. ಬಾವುಟಕ್ಕೂ ಇದು ಹೊಂದುತ್ತದೆ. ಅವಮಾನ ಮಾಡಕೂಡದೆಂಬ ಕಟ್ಟು 1971ರ ರಾಷ್ಟ್ರಗೌರವ ಕಾಯ್ದೆಯಲ್ಲಿದೆ. ಮನೆಯ ಮೇಲೆ ಏರಿಸಲೇಬೇಕೆಂಬ ಕಟ್ಟು ತ್ರಿವರ್ಣಕ್ಕೂ ಇಲ್ಲ, ಕನ್ನಡದ ಬಾವುಟಕ್ಕೂ ಇಲ್ಲ. ನವೆಂಬರ್ 1ರಂದು ವಸಂತಪುರದ ಆಟೊ ನಿಲ್ದಾಣದಲ್ಲಿ ಹಾರುವ ಹಳದಿ-ಕೆಂಪು ಯಾವ ಆದೇಶದ ಬಲವೂ ಇಲ್ಲದೆ, ಬರಿಯ ರೂಢಿಯಿಂದ ಏರುತ್ತದೆ.