ಬೆನ್ನು ನೋಡುವ ಕಣ್ಣು

ಅವರವರ ಬೆನ್ನು ಅವರವರಿಗೆ ಕಾಣದು. ಬೆನ್ನಿನ ಮಚ್ಚೆ ಬಣ್ಣ ಬದಲಿಸಿದ್ದನ್ನು ಹೇಳಲು ಮನೆಯಲ್ಲಿ ಇನ್ನೊಂದು ಜೊತೆ ಕಣ್ಣು ಬೇಕು. ಚರ್ಮದ ಕ್ಯಾನ್ಸರ್ ರೋಗಿಗೆ ಮೊದಲ ಆಸರೆ ಆ ಕಣ್ಣು.

*

ಬಿಳಿಯರಲ್ಲಿ ಈ ರೋಗ ಬಿಸಿಲು ಬೀಳುವ ಜಾಗದಲ್ಲಿ ಹೆಚ್ಚು. ನಮ್ಮ ಕಂದು ಮೈಯಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಅಂಗಾಲಿನಲ್ಲಿ, ಉಗುರಿನಡಿ ಅಡಗುವುದುಂಟು. ಕಾಲು ಮುಟ್ಟಲು ಹೇಸದವರೇ ಅದನ್ನು ಬೇಗ ಕಾಣುತ್ತಾರೆ.

*

ಪುಣೆ ಜಿಲ್ಲೆಯ ಶಿರೂರು ಘೋಡ್ ನದಿಯ ದಂಡೆಯ ಊರು. ದುಡಿಯಲು ಬಂದ ಕನ್ನಡದವರಿಗೆ ಇಲ್ಲಿ ನೋವು ಹೇಳಿಕೊಳ್ಳುವುದೂ ಒಂದು ಕಷ್ಟ. ಡಾಕ್ಟರ ಮರಾಠಿಯನ್ನು ಒಂದು ಮಾತೂ ನುಂಗದೆ ಕನ್ನಡಕ್ಕೆ ದಾಟಿಸಿದ ನೆರೆಯವನನ್ನು ನೆರವಿನ ಲೆಕ್ಕದಲ್ಲಿ ಮೊದಲು ಬರೆಯಬೇಕು.

*

ಶಿರೂರಿನ ಬಸ್ ಸ್ಟ್ಯಾಂಡಿನಲ್ಲಿ ನಸುಕಿಗೇ ಒಬ್ಬ ತಾಯಿ ಪುಣೆಯ ಎಸ್‌ಟಿ ಬಸ್ಸಿಗೆ ಕಾಯುತ್ತಿದ್ದಳು. ಗಂಡನ ಅಂಗಾಲಿಗೆ ಪಟ್ಟಿ. ಆ ಕಾಲಿನ ಚಪ್ಪಲಿ ಅವಳ ಕೈಚೀಲದಲ್ಲಿ. ಯಾರು ನೆರವಾದರು ಎಂದು ಕೇಳಿದೆ. ಹಣ ಕೊಟ್ಟವರ ಹೆಸರು ಕೊನೆಗೆ ಬಂತು. ಮೊದಲು ಬಂದದ್ದು: “ಎದುರುಮನಿ ಅಕ್ಕಾರು ಹುಡುಗರನ್ನ ಸಾಲಿಗೆ ಕಳಸ್ತಾರ್ರೀ.”

*

1988ರಲ್ಲಿ ಅಮೆರಿಕದ ಝಿಮೆಟ್ ಮತ್ತು ಸಂಗಡಿಗರು ಆಸರೆ ಅಳೆಯಲು 12 ಹೇಳಿಕೆಗಳ ಪಟ್ಟಿ ಪ್ರಕಟಿಸಿದರು. ಹೇಳಿಕೆಗಳು ಮೂರು ಕಡೆಯ ಆಸರೆಯ ಬಗ್ಗೆ: ಮನೆಯವರು, ಗೆಳೆಯರು, ತೀರ ಆಪ್ತರೊಬ್ಬರು. ಒಂದೊಂದು ಹೇಳಿಕೆಗೂ 1ರಿಂದ 7ರವರೆಗೆ ಅಂಕ. ಅಂಕ ಹಾಕುವವರು ಕೊಟ್ಟವರಲ್ಲ, ಪಡೆದವರು. ಉಪಕಾರದ ತಕ್ಕಡಿ ಯಾವಾಗಲೂ ಪಡೆದವರ ಕೈಯಲ್ಲೇ ಇರಲಿ.

*

ನೋಡಲು ಬಂದವರನ್ನು ಎಣಿಸಿದರೆ ಆಸರೆ ಅಳೆದಂತಲ್ಲ. ಹತ್ತು ಮಂದಿ ಬಂದು ಹತ್ತು ಮದ್ದು ಹೇಳಿ ಹೋದ ಸಂಜೆ ರೋಗಿ ಇನ್ನಷ್ಟು ಒಂಟಿಯಾಗಿರಬಹುದು.

*

ಕ್ಯಾನ್ಸರ್ ಅಂಟುರೋಗವಲ್ಲ. ಆದರೂ ಮುಖದ ಪಟ್ಟಿ ಕಂಡು ಚಹಾದ ಲೋಟ ಬೇರೆ ಇಡುವವರಿದ್ದಾರೆ. ಒಂದೇ ತಾಟಿನಲ್ಲಿ ರೊಟ್ಟಿ ಮುರಿದು ಉಂಡವನು ಮಾತಿಲ್ಲದೆಯೇ ಧೈರ್ಯ ಹೇಳಿರುತ್ತಾನೆ.

*

ಹೊಟ್ಟೆಯೊಳಗಿನ ಗಡ್ಡೆಯನ್ನು ಬಟ್ಟೆ ಮುಚ್ಚುತ್ತದೆ. ಮೂಗಿನ ಮೇಲಿನ ಕಲೆಯನ್ನು ಯಾವುದು ಮುಚ್ಚೀತು? ಕಲೆಯನ್ನು ದಿಟ್ಟಿಸದೆ, ಮುಖವನ್ನೂ ತಪ್ಪಿಸದೆ ಮಾತಾಡುವುದು ಕಲಿಯಬೇಕಾದ ವಿದ್ಯೆ.

*

ಮೊದಲ ವಾರ ಅಳೆದರೆ ಊರೆಲ್ಲ ನೆಂಟರು. ಗಾಯ ಮಾಯುತ್ತದೆ, ಬರುವವರು ಕಡಿಮೆಯಾಗುತ್ತಾರೆ, ತಪಾಸಣೆ ಮಾತ್ರ ವರ್ಷಗಟ್ಟಲೆ ನಡೆಯುತ್ತದೆ. ಆಸರೆಯನ್ನು ಎರಡನೆಯ ವರ್ಷವೂ ಅಳೆಯಬೇಕು. ಆಗಲೂ ರಾತ್ರಿ ಊಟವಾದ ಮೇಲೆ “ಕಾಲು ಚಾಚು, ನೋಡ್ತೀನಿ” ಎಂದು ಬೆಳಕು ಹಿಡಿದು ಅಂಗಾಲು ನೋಡುವವರೊಬ್ಬರು ಇದ್ದರೆ, ಆ ಮನೆಯ ಹಾಳೆಯಲ್ಲಿ 7 ಎಂದು ಬರೆಯಬಹುದು.